ಮುರಕಾಮಿಯ ಕಾಫ್ಕಾನೋ, ಕವಾಗುಚಿಯ ಕಾಫಿಯೋ?

ಜಪಾನಿನ ಮಾಂತ್ರಿಕ ವಾಸ್ತವದ, ಅಂದ್ರೆ ದಿನನಿತ್ಯದ ಬದುಕಿನೊಳಗೇ ಮಾಯೆ ಬೆರೆತ ಕಾದಂಬರಿ ಓದೋಣ ಅಂತ ಹೊರಟವರಿಗೆ ಈ ಎರಡು ಹೆಸರು ಎದುರಾಗೇ ಆಗುತ್ತವೆ. ಹರುಕಿ ಮುರಕಾಮಿಯ ‘ಕಾಫ್ಕಾ ಆನ್ ದಿ ಶೋರ್’ ಮತ್ತು ತೋಶಿಕಾಜು ಕವಾಗುಚಿಯ ‘ಬಿಫೋರ್ ದಿ ಕಾಫಿ ಗೆಟ್ಸ್ ಕೋಲ್ಡ್’. ಎರಡನ್ನೂ ಇಂಗ್ಲಿಷಿನಲ್ಲಿ ಒಂದರ ಬೆನ್ನಿಗೆ ಒಂದು ಓದಿದೆ. ನನ್ನ ಓಟು ಕಾಫ್ಕಾಗೆ. ಆದರೆ ಅದರ ನಾಯಕನಿಗಲ್ಲ.

ಕವಾಗುಚಿಯ ಪುಸ್ತಕ ಜಪಾನಿನಲ್ಲಿ 2015ರಲ್ಲಿ ಬಂತು. ಟೋಕಿಯೋದ ಒಂದು ನೆಲಮಾಳಿಗೆ ಕೆಫೆ. ಅಲ್ಲಿನ ಒಂದು ಕುರ್ಚಿಯಲ್ಲಿ ಕೂತರೆ ಹಿಂದಿನ ಕಾಲಕ್ಕೆ ಹೋಗಿ ಬರಬಹುದು. ಆದರೆ ಏನೇ ಮಾಡಿದರೂ ಈಗಿನದು ಬದಲಾಗಲ್ಲ, ಕಾಫಿ ಆರೋದರೊಳಗೆ ವಾಪಸ್ ಬರಬೇಕು. ಆ ಕುರ್ಚಿಯಲ್ಲಿ ಬಿಳಿ ಬಟ್ಟೆಯ ದೆವ್ವವೊಂದು ಪುಸ್ತಕ ಓದುತ್ತಾ ಕೂತಿರುತ್ತದೆ. ಅದು ಏಳೋದು ದಿನಕ್ಕೊಂದೇ ಸಲ, ಟಾಯ್ಲೆಟ್ಟಿಗೆ! ದೆವ್ವಕ್ಕೂ ಟಾಯ್ಲೆಟ್ಟು ಬೇಕು ಅನ್ನೋ ಈ ಕಲ್ಪನೆ ನನಗೆ ಬಲು ಇಷ್ಟವಾಯಿತು.

ನಾಲ್ಕು ಕತೆಗಳಲ್ಲಿ ಎರಡನೆಯದು ಅಳಿಸುತ್ತದೆ. ಮರೆವಿನ ಕಾಯಿಲೆಯ ಗಂಡ, ನರ್ಸ್ ಹೆಂಡತಿ. ಅವನು ಕೊಡದೇ ಉಳಿದ ಪತ್ರ ತರಲು ಅವಳು ಹಿಂದಿನ ಕಾಲಕ್ಕೆ ಹೋಗುತ್ತಾಳೆ. ‘ನರ್ಸ್ ಆಗಿ ಅಲ್ಲ, ಹೆಂಡತಿಯಾಗಿಯೇ ಇರು’ ಅನ್ನೋದು ಅದರ ಸಾರ. ಉಳಿದ ಕಡೆ ಮಾತ್ರ ಅದೇ ನಿಯಮಗಳನ್ನು ಮತ್ತೆ ಮತ್ತೆ ಹೇಳಿ ಸುಸ್ತು ಮಾಡುತ್ತಾರೆ. ಮೂಲದಲ್ಲಿ ಇದು ನಾಟಕ. ಪಾತ್ರಗಳು ಬಾಗಿಲು ತೆಗೆದು ಬರೋ ರೀತಿಯಲ್ಲೇ ಅದು ಗೊತ್ತಾಗುತ್ತದೆ.

2002ರ ಕಾಫ್ಕಾದಲ್ಲಿ ನಿಯಮ ಹೇಳುವವರೇ ಇಲ್ಲ. ಟೋಕಿಯೋದಲ್ಲಿ ಆಕಾಶದಿಂದ ಮೀನಿನ ಮಳೆ ಸುರಿಯುತ್ತದೆ. ಯಾಕೆ? ಹೇಳಲ್ಲ. ನಾಯಕ ಕಾಫ್ಕಾ, ಹದಿನೈದರ ಹುಡುಗ, ಮನೆ ಬಿಟ್ಟು ದೂರದ ತಕಮತ್ಸು ಊರಿನ ಲೈಬ್ರರಿ ಸೇರುತ್ತಾನೆ, ತನ್ನನ್ನು ತಾನು ಹುಡುಕಿಕೊಳ್ಳುತ್ತಾನೆ. ನಿಜ ಹೇಳಬೇಕಂದ್ರೆ ಈ ಭಾಗ ಜಾಸ್ತಿ ಉದ್ದವಾಯಿತು ಅನ್ನಿಸಿತು. ತಾಯಿ, ಅಕ್ಕನ ಸುತ್ತಲಿನ ಶಾಪದ ಕತೆ ಕಸಿವಿಸಿ ತರುತ್ತದೆ.

ನನ್ನನ್ನು ಹಿಡಿದು ಕೂರಿಸಿದ್ದು ಇನ್ನೊಂದು ಎಳೆ. ನಕಾಟಾ ಅನ್ನೋ ಮುದುಕ. ಓದು ಬರಲ್ಲ, ಬೆಕ್ಕುಗಳ ಜೊತೆ ಮಾತಾಡುತ್ತಾನೆ. ಲಾರಿ ಡ್ರೈವರ್ ಹೊಶಿನೋ ಇವನಿಗೆ ಲಿಫ್ಟ್ ಕೊಡುತ್ತಾನೆ, ಸುಮ್ನೆ ತನ್ನ ತಾತನ ಥರ ಕಂಡ ಅಂತ. ಆಮೇಲೆ ಕೆಲಸ ಬದಿಗಿಟ್ಟು ಅವನ ಹಿಂದೆಯೇ ಹೊರಡುತ್ತಾನೆ. ನಡುವೆ ಒಂದು ಕಾಫಿ ಅಂಗಡಿಯಲ್ಲಿ ಬೀಥೊವನ್‌ನ ‘ಆರ್ಚ್‌ಡ್ಯೂಕ್ ಟ್ರಯೋ’, ಪಿಯಾನೊ, ವಯೊಲಿನ್, ಚೆಲ್ಲೊ ಮೂರೂ ಸೇರಿ ನುಡಿಸುವ ಸಂಗೀತ, ಕಿವಿಗೆ ಬೀಳುತ್ತದೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಗಂಧಗಾಳಿ ಇಲ್ಲದ ಈ ಕ್ಯಾಪ್ ಹಾಕಿದ ಆಸಾಮಿ ಇದೇನು, ನುಡಿಸಿದ್ದು ಯಾರು ಅಂತ ಅಂಗಡಿಯವನನ್ನು ಕೇಳುತ್ತಾನೆ. ಮನುಷ್ಯ ಬದಲಾಗೋದು ಹೀಗೇ ಅಲ್ವಾ? ಕೆಫೆಯ ಯಾವ ಪಾತ್ರವೂ ನನಗೆ ಇಷ್ಟು ಹತ್ತಿರವಾಗಲಿಲ್ಲ.

ಪುರುಸೊತ್ತು ಕಡಿಮೆ, ಒಂದು ಸಲ ಅತ್ತು ಹಗುರಾಗಬೇಕು ಅನ್ನುವವರು ಕಾಫಿಯನ್ನೇ ಎತ್ತಿಕೊಳ್ಳಿ. ಕಾಫ್ಕಾ ಹಿಡಿದವರಿಗೆ ಮಧ್ಯದಲ್ಲಿ ಬೇಜಾರಾದರೆ ಸಮಸಂಖ್ಯೆಯ ಅಧ್ಯಾಯಗಳನ್ನು ಮಾತ್ರ ಓದಿಕೊಂಡು ಹೋಗಿ. ನಕಾಟಾ, ಹೊಶಿನೋ ಇರೋದು ಅಲ್ಲೇ.