ವಾರಕ್ಕೆ 60 ರೂಪಾಯಿ: ಮಕ್ಕಳಿಗೆ ಲೆಕ್ಕ ಕಲಿಸಲು ಲಕೋಟೆಯೋ, ಆಟದ ನೋಟೋ, ಆ್ಯಪೋ?

ಎರಡನೇ ತರಗತಿಯಿಂದ ಐದನೇ ತರಗತಿವರೆಗಿನ ಮಕ್ಕಳಿಗೆ ಕೂಡಿ ಕಳೆಯುವುದರಿಂದ ಹಿಡಿದು ಭಿನ್ನರಾಶಿಯವರೆಗೆ ಮನಸ್ಸಿಗೆ ಇಳಿಸಬೇಕಾದರೆ, ಅವರದೇ ಕೈಖರ್ಚಿನ ದುಡ್ಡಿಗಿಂತ ಒಳ್ಳೆಯ ಪಾಠೋಪಕರಣ ಇಲ್ಲ. ಮೈಸೂರಿನಲ್ಲಿ ಮನೆಪಾಠದ ಮಕ್ಕಳ ಜೊತೆ ನಾಲ್ಕು ದಾರಿ ಹಿಡಿದು ನೋಡಿದ್ದೇನೆ: ನಿಜವಾದ ದುಡ್ಡು ಹಾಕಿದ ಮೂರು ಲಕೋಟೆ, ಅಂಗಡಿಯಿಂದ ತಂದ ಆಟದ ನೋಟಿನ ಪೆಟ್ಟಿಗೆ, ಮಕ್ಕಳ ಖರ್ಚಿನ ಮೊಬೈಲ್ ಆ್ಯಪ್, ಶಾಲೆಯ ಮಕ್ಕಳ ಸಂತೆ. ನನ್ನ ಆಯ್ಕೆ ಲಕೋಟೆ. ಅದಕ್ಕೆ ಆಗುವ ಖರ್ಚು ಒಂದು ಚೌಕದ ಗೆರೆಯ ನೋಟ್‌ಬುಕ್ ಮತ್ತು ಮದುವೆ ಮನೆಯಿಂದ ಬಂದ ಮೂರು ಹಳೇ ಕವರು. ಕೈಯಿಂದ ದುಡ್ಡು ಕೊಟ್ಟು ತಂದದ್ದು ಆಟದ ನೋಟಿನ ಪೆಟ್ಟಿಗೆ. ಕೊಟ್ಟ ದುಡ್ಡಿಗೆ ತಕ್ಕ ಕೆಲಸ ಮಾಡದೇ ಹೋದದ್ದೂ ಅದೇ.

ಮೊದಲು ಮೊತ್ತದ ವಿಚಾರ. ಬಹಳ ಜನ ವಾರಕ್ಕೆ 50 ಅಥವಾ 100 ಎಂದು ಶುರು ಮಾಡುತ್ತಾರೆ. ನಾನು ಹೇಳುವುದು 60. ಇದನ್ನು 2, 3, 4, 5, 6 ಯಾವುದರಿಂದ ಭಾಗಿಸಿದರೂ ಶೇಷ ಉಳಿಯುವುದಿಲ್ಲ. ಅರ್ಧ 30 ಖರ್ಚಿನ ಲಕೋಟೆಗೆ, ಮೂರರಲ್ಲಿ ಒಂದು ಭಾಗ 20 ಉಳಿತಾಯಕ್ಕೆ, ಆರರಲ್ಲಿ ಒಂದು ಭಾಗ 10 ಕೊಡುವುದಕ್ಕೆ, ಅಂದರೆ ತಂಗಿಯ ಹುಟ್ಟುಹಬ್ಬಕ್ಕೋ ದೇವಸ್ಥಾನದ ಹುಂಡಿಗೋ. ಆರು ಹತ್ತರ ನಾಣ್ಯವನ್ನು ಮೇಜಿನ ಮೇಲೆ ಇಟ್ಟು ಮಗುವಿನ ಕೈಯಿಂದಲೇ ಪಾಲು ಮಾಡಿಸಿ. ಎರಡನೇ ತರಗತಿಯ ಮಗುವಿಗೆ ಅದು ಹತ್ತರ ಮಗ್ಗಿ. ಐದನೇ ತರಗತಿಯ ಮಗುವಿಗೆ ಅದೇ ಆರು ನಾಣ್ಯ 1/2 + 1/3 + 1/6 = 1. ಕರಿಹಲಗೆಯ ಮೇಲೆ ಲ.ಸಾ.ಅ. ತೆಗೆಯುತ್ತಾ ಕಣ್ಣು ಕಣ್ಣು ಬಿಡುವ ಮಕ್ಕಳು 3/6, 2/6, 1/6 ಎಂದು ನಾಣ್ಯ ಜೋಡಿಸಿದಾಗ ತಟ್ಟನೆ ಹಿಡಿಯುತ್ತಾರೆ. ಈ 60 ರೂಪಾಯಿ ಮನೆಗೆ ಹೊಸ ಖರ್ಚಾಗಬೇಕಿಲ್ಲ. ಪೆನ್ಸಿಲು, ರಬ್ಬರು, ಸಂಜೆಯ ಚುರುಮುರಿಗೆಂದು ನೀವು ಕೊಡುತ್ತಿದ್ದ ದುಡ್ಡನ್ನೇ ಮಗುವಿನ ಕೈಗೆ ದಾಟಿಸಿ, ಇನ್ನು ಅವೆಲ್ಲ ಅದರ ಜವಾಬ್ದಾರಿ ಎಂದು ಹೇಳಿದರಾಯಿತು. 60 ಭಾರ ಅನ್ನಿಸಿದರೆ 30 ಇಟ್ಟುಕೊಳ್ಳಿ. ಆಗ 15, 10, 5 ಆಗುತ್ತದೆ.

ಪುಸ್ತಕದಲ್ಲಿ ಐದು ಕಾಲಂ: ದಿನ, ಏನು, ಬಂದದ್ದು, ಹೋದದ್ದು, ಉಳಿದದ್ದು. ಒಂದು ಚೌಕಕ್ಕೆ ಒಂದೇ ಅಂಕಿ. ಇದರಲ್ಲಿ ರಿಯಾಯಿತಿ ಬೇಡ, ಏಕೆಂದರೆ ಮೂರನೇ ತರಗತಿಯ ಅರ್ಧಕ್ಕರ್ಧ ತಪ್ಪು ಲೆಕ್ಕ ಬರದೆ ಆಗುವುದಲ್ಲ, ಬಿಡಿಯ ಕೆಳಗೆ ಹತ್ತು ಬರೆದು ಆಗುವುದು. ‘ನೂರ ಐದು’ ಎಂದು ಕೇಳಿದ್ದನ್ನು 1005 ಎಂದು ಬರೆಯುವ ಮಗು ಪ್ರತಿ ತರಗತಿಯಲ್ಲೂ ಸಿಗುತ್ತದೆ. ಚೌಕಕ್ಕೊಂದು ಅಂಕಿ ಬರೆದರೆ ಸಂಖ್ಯೆ ಸಾವಿರದ ಮನೆಗೆ ಕಾಲಿಟ್ಟದ್ದು ಮಗುವಿಗೇ ಕಾಣುತ್ತದೆ.

ಭಾನುವಾರ ಲಕೋಟೆ ಎಣಿಸಿ ಕೊನೆಯ ಕಾಲಂ ಜೊತೆ ತಾಳೆ ನೋಡುವುದು. ತಾಳೆ ಬರದಿದ್ದರೆ ‘ಎಲ್ಲೋ ತಪ್ಪಿದೆ, ಇನ್ನೊಂದ್ಸಲ ಮಾಡು’ ಎಂದು ಕಳಿಸಬೇಡಿ. ಅಂಗಡಿಯ ಲೆಕ್ಕ ಬರೆಯುವವರು ಬಳಸುವ ಎರಡು ಉಪಾಯ ಹೇಳಿಕೊಡಿ. ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡುವುದು ಮೊದಲನೆಯದು. ಶೇಷವಿಲ್ಲದೆ ಹೋದರೆ ಎಲ್ಲೋ ಅಂಕಿ ತಿರುಗುಮುರುಗಾಗಿರುವ ಸಂಭವ ಹೆಚ್ಚು. 36ನ್ನು 63 ಎಂದು ಬರೆದರೆ ವ್ಯತ್ಯಾಸ 27. ಅದಲ್ಲವಾದರೆ ವ್ಯತ್ಯಾಸದ ಅರ್ಧ ಎಷ್ಟೋ ಆ ಸಂಖ್ಯೆಯನ್ನು ಪುಟದಲ್ಲಿ ಹುಡುಕಿಸಿ. ಹೋದ 12 ರೂಪಾಯಿಯನ್ನು ಬಂದ ಕಾಲಂನಲ್ಲಿ ಬರೆದಿದ್ದರೆ ವ್ಯತ್ಯಾಸ 24 ಬಂದಿರುತ್ತದೆ. ನಾಲ್ಕನೇ ತರಗತಿಯ ಮಕ್ಕಳು ಪತ್ತೇದಾರರ ಹಾಗೆ ಇದರ ಹಿಂದೆ ಬೀಳುತ್ತಾರೆ, ಭಾಗಾಕಾರ ತಾನಾಗಿ ಕೈಗೆ ಬರುತ್ತದೆ.

ಇನ್ನು ಲಕೋಟೆಯ ದಾರಿಯ ನಿಜವಾದ ತಲೆನೋವು, ಚಿಲ್ಲರೆ. ಈಗ ಸೊಪ್ಪಿನ ಬುಟ್ಟಿಗೂ ಕ್ಯೂಆರ್ ಕೋಡ್ ಅಂಟಿಸಿರುವುದರಿಂದ ಅಂಗಡಿಯವರ ಗಲ್ಲಾದಲ್ಲಿ ಸಣ್ಣ ನಾಣ್ಯ ಇರುವುದೇ ಕಡಿಮೆ. ಮಗು 8 ರೂಪಾಯಿಯ ರಬ್ಬರಿಗೆ 10 ಕೊಟ್ಟರೆ ಕೈಗೆ ಎರಡು ಚಾಕೊಲೇಟ್ ಬರುತ್ತದೆ, ಇಲ್ಲವೇ ‘ನಾಳೆ ಇಸ್ಕೋ ಪುಟ್ಟಿ’ ಎಂಬ ಮಾತು ಬರುತ್ತದೆ. ಎರಡರಲ್ಲಿ ಯಾವುದಾದರೂ ಭಾನುವಾರ ತಾಳೆ ತಪ್ಪುತ್ತದೆ. ಮಗು ತನ್ನ ವ್ಯವಕಲನವೇ ತಪ್ಪು ಎಂದುಕೊಂಡು ಕೈಚೆಲ್ಲುತ್ತದೆ. ಬಹಳ ಮನೆಗಳಲ್ಲಿ ಈ ಪದ್ಧತಿ ನಿಂತುಹೋಗುವುದು ಇಲ್ಲೇ.

ಇದಕ್ಕೆ ಪರಿಹಾರ, ಮನೆಯಲ್ಲಿ ಒಂದು ಚಿಲ್ಲರೆ ಡಬ್ಬಿ. 1 ರೂಪಾಯಿಯ ಹತ್ತು, 2 ರೂಪಾಯಿಯ ಹತ್ತು, 5 ರೂಪಾಯಿಯ ನಾಲ್ಕು ನಾಣ್ಯ ಹಾಕಿಡಿ. ಒಟ್ಟು 50. ಡಬ್ಬಿಯಿಂದ ತೆಗೆದಷ್ಟೇ ಬೆಲೆಯ ದುಡ್ಡನ್ನು ತಿರುಗಿ ಹಾಕಬೇಕು, ಯಾವಾಗ ಎಣಿಸಿದರೂ 50 ಇರಲೇಬೇಕು. ಮಗು ಅಂಗಡಿಗೆ ಹೊರಡುವ ಮೊದಲು ಲಕೋಟೆಯ 10ನ್ನು ಡಬ್ಬಿಯಲ್ಲಿ ಒಡೆಸಿಕೊಂಡು ಸರಿಯಾದ 8 ರೂಪಾಯಿಯನ್ನೇ ಒಯ್ಯಲಿ. ಎಂಟನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು ಎಂದು ಅಲ್ಲೇ ಕೇಳಿ: 5+2+1, 2+2+2+2, 5+1+1+1. ಒಂದನೇ ತರಗತಿಯ ಮಗುವೂ ಇದರಲ್ಲಿ ಸೇರಬಹುದು. ಚಾಕೊಲೇಟ್ ಬಂದೇಬಿಟ್ಟರೆ ಹೋದ ಕಾಲಂನಲ್ಲಿ ‘ಚಾಕೊಲೇಟ್ 2’ ಎಂದು ಬರೆಸಿ. ‘ನಾಳೆ’ ಎಂದಿದ್ದರೆ ಪುಸ್ತಕದ ಕೊನೆಯ ಹಾಳೆಯಲ್ಲಿ ‘ಬರಬೇಕಾದ್ದು’ ಎಂದು ತಲೆಬರಹ ಕೊಟ್ಟು ಅಲ್ಲಿ ಬರೆಸಿ. ಲಕೋಟೆಯಲ್ಲಿರುವುದು, ಬರಬೇಕಾದ್ದು ಎರಡೂ ಸೇರಿ ಪುಸ್ತಕಕ್ಕೆ ತಾಳೆಯಾಗುತ್ತದೆ.

ನಾಣ್ಯದಲ್ಲೇ ಇನ್ನೊಂದು ಎಡವಟ್ಟಿದೆ. 2011ರ ಸರಣಿಯ 1 ರೂಪಾಯಿ ನಾಣ್ಯ 22 ಮಿಲಿಮೀಟರ್ ಅಗಲ, 2019ರ ಸರಣಿಯ 2 ರೂಪಾಯಿ 23. ಎರಡೂ ಬೆಳ್ಳಗಿವೆ, ಎರಡೂ ಈಗ ಓಡಾಡುತ್ತಿವೆ. ಗಾತ್ರ ನೋಡಿ ಎಣಿಸುವ ಮಗು ತಪ್ಪುವುದು ಸಹಜ. ಅಂಕಿ ಮೇಲೆ ಬರುವಂತೆ ಸಾಲಾಗಿ ಜೋಡಿಸಿಯೇ ಎಣಿಸಬೇಕು ಎಂದು ಅಭ್ಯಾಸ ಮಾಡಿಸಿ. 10ರ ನಾಣ್ಯ ನಡೆಯುವುದಿಲ್ಲ ಎಂದು ಯಾರಾದರೂ ಹಿಂದಿರುಗಿಸಿದರೆ ಮಗು ಹೆದರಬೇಕಿಲ್ಲ. 10 ರೂಪಾಯಿಯ ಹದಿನಾಲ್ಕು ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಸ್ಪಷ್ಟಪಡಿಸಿದೆ.

ಚಿಲ್ಲರೆ ವಾಪಸ್ ಎಣಿಸುವುದನ್ನು ದೇವರಾಜ ಮಾರುಕಟ್ಟೆಯ ವ್ಯಾಪಾರಿಗಳಿಂದ ಕಲಿಯಬೇಕು. 37 ರೂಪಾಯಿಯ ಸಾಮಾನಿಗೆ 50 ಕೊಟ್ಟರೆ ಅವರು ಕಳೆಯುವುದಿಲ್ಲ, ಸೇರಿಸುತ್ತಾ ಹೋಗುತ್ತಾರೆ: ಒಂದು ಇಟ್ಟು ‘ಮೂವತ್ತೆಂಟು’, ಎರಡು ಇಟ್ಟು ‘ನಲವತ್ತು’, ಹತ್ತು ಇಟ್ಟು ‘ಐವತ್ತು’. ಕೊಟ್ಟದ್ದು 13. ದಶಕ ಸಹಿತ ವ್ಯವಕಲನದಲ್ಲಿ ತಡವರಿಸುವ ಮಗುವಿಗೆ ಮೊದಲು ಇದನ್ನು ಕಲಿಸಿ, ಆಮೇಲೆ 50ರ ಕೆಳಗೆ 37 ಬರೆದು ಕಳೆಯುವುದಕ್ಕೆ ಬನ್ನಿ. ಉತ್ತರ ಮೊದಲೇ ಗೊತ್ತಿರುವುದರಿಂದ ಹತ್ತರ ಮನೆಯಿಂದ ಏಕೆ ತರಬೇಕು ಎಂಬುದು ಅರ್ಥವಾಗುತ್ತದೆ. ಅದೇ ಮಾರುಕಟ್ಟೆಯಲ್ಲಿ ಕಾಲು, ಅರ್ಧ, ಮುಕ್ಕಾಲು ಕೆ.ಜಿ.ಯ ಲೆಕ್ಕ, ಮೊಳದ ಲೆಕ್ಕದಲ್ಲಿ ಮಲ್ಲಿಗೆ ಎಲ್ಲವೂ ಸಿಗುತ್ತವೆ. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ‘ಎಪ್ಪತ್ತೈದು’ ಎಂದರೆ ಎಷ್ಟು ಎಂದು ತಿಳಿಯದೆ ನಿಲ್ಲುವುದುಂಟು, ಹೋಗುವ ಮೊದಲು ನೂರರವರೆಗೆ ಒಮ್ಮೆ ಹೇಳಿಸಿ.

ಆಟದ ನೋಟಿನ ಪೆಟ್ಟಿಗೆಗೆ ಬಂದರೆ, ಮುಚ್ಚಳದ ಮೇಲಿನ ಚಿತ್ರ ಚೆನ್ನಾಗಿತ್ತು. ಒಳಗೆ ಎಲ್ಲ ನೋಟೂ ಒಂದೇ ಅಳತೆ, 2000ದ ಕಟ್ಟು ದಪ್ಪಗಿದೆ, 200ರದ್ದು ಇಲ್ಲವೇ ಇಲ್ಲ. ನಿಜವಾದ 10ರ ನೋಟು 123 ಮಿಲಿಮೀಟರ್ ಉದ್ದ, 500ರದ್ದು 150. ಮಕ್ಕಳು ಅಳತೆ, ಬಣ್ಣ, ಹಿಂದಿನ ಚಿತ್ರದಿಂದ ನೋಟು ಗುರುತಿಸುತ್ತಾರೆ, 50ರ ಮೇಲೆ ಹಂಪಿಯ ಕಲ್ಲಿನ ರಥ ಇದೆ ಎಂದರೆ ಮತ್ತೆ ಮರೆಯುವುದಿಲ್ಲ. ಇದಕ್ಕಿಂತ ದೊಡ್ಡ ಕೊರತೆ ಎಂದರೆ ಆಟದ ದುಡ್ಡು ಮುಗಿಯುವುದೇ ಇಲ್ಲ. ಮುಗಿಯದ ದುಡ್ಡಿನಲ್ಲಿ ಬಜೆಟ್ ಎಂಬುದೇ ಹುಟ್ಟುವುದಿಲ್ಲ, ಇದು ಬೇಕೋ ಅದು ಬೇಕೋ ಎಂದು ಮಗು ಒಂದು ಕ್ಷಣವೂ ನಿಂತು ಯೋಚಿಸುವುದಿಲ್ಲ. ಹತ್ತು ಬಿಡಿ ಕೊಟ್ಟು ಒಂದು ಹತ್ತು ತೆಗೆದುಕೊಳ್ಳುವ ಅಭ್ಯಾಸಕ್ಕೆ ಒಂದನೇ ತರಗತಿಯಲ್ಲಿ ಬಳಸಿ, ಅಷ್ಟು ಸಾಕು. ಪೆಟ್ಟಿಗೆಯ ಬದಲು ನಿಜವಾದ ನೋಟನ್ನೇ ಕಲರ್ ಜೆರಾಕ್ಸ್ ಮಾಡಿಸುವ ಯೋಚನೆ ಬೇಡವೇ ಬೇಡ, ಅದು ಕಾನೂನಿಗೆ ವಿರುದ್ಧ.

ಆ್ಯಪ್ ಕಳೆಯುವ ಕೆಲಸವನ್ನು ತಾನೇ ಮಾಡಿ ಮುಗಿಸುತ್ತದೆ, ನಮಗೆ ಬೇಕಾದದ್ದು ಮಗು ಕಳೆಯುವುದು. ತಿಂಗಳ ಕೊನೆಯಲ್ಲಿ ಯಾವುದಕ್ಕೆ ಎಷ್ಟು ಹೋಯಿತು ಎಂಬ ಬಣ್ಣದ ಚಿತ್ರ ಮಾತ್ರ ಐದನೇ ತರಗತಿಯ ದತ್ತಾಂಶದ ಪಾಠಕ್ಕೆ ಅನುಕೂಲ. ನೋಟ್‌ಬುಕ್ಕಿನ ಚೌಕ ತುಂಬಿ ಸ್ತಂಭನಕ್ಷೆ ಮಾಡಿದರೂ ಅದೇ ಆಗುತ್ತದೆ.

ಮಕ್ಕಳ ಸಂತೆ ನನಗೆ ಇಷ್ಟ. ಕೊಳ್ಳುವ ಮಗು ಅಲ್ಲಿ ಮಾರುವ ಮಗುವಾಗುತ್ತದೆ, ಲಾಭ ನಷ್ಟ ಅಲ್ಲೇ ಕಲಿಯಬೇಕು. ಆದರೆ ಅದು ವರ್ಷಕ್ಕೊಮ್ಮೆ ಬರುವಂಥದ್ದು. ಮನೆಯಿಂದ ತಂದ ಸಾಮಾನಿಗೆ ಅಸಲೇ ಬರೆಯದೆ ಬಂದದ್ದೆಲ್ಲ ಲಾಭ ಎಂದು ಮಕ್ಕಳು ಕುಣಿಯುವುದು ಅದರ ದೋಷ. ಹಿಂದಿನ ದಿನವೇ ಅಸಲು ಬರೆಸಿ. ಇಪ್ಪತ್ತು ಲೋಟ ನಿಂಬೆ ಪಾನಕಕ್ಕೆ ನಿಂಬೆಹಣ್ಣು 25, ಸಕ್ಕರೆ 23, ಪೇಪರ್ ಲೋಟ 20 ಎಂದಿಟ್ಟುಕೊಂಡರೆ ಒಟ್ಟು 68. ಲೋಟಕ್ಕೆ 5ರಂತೆ ಎಲ್ಲ ಮಾರಿದರೆ 100, ಲಾಭ 32. ಎಷ್ಟನೇ ಲೋಟ ಮಾರಿದಾಗ ಅಸಲು ಕೈಗೆ ಬರುತ್ತದೆ ಎಂದು ಕೇಳಿ. 68ನ್ನು 5ರಿಂದ ಭಾಗಿಸಿದರೆ 13, ಶೇಷ 3. ಹದಿಮೂರು ಎಂದು ಬರೆದು ನಿಲ್ಲಿಸುವ ಮಕ್ಕಳೇ ಹೆಚ್ಚು, ಸರಿಯುತ್ತರ ಹದಿನಾಲ್ಕು. ಶೇಷ ಎಂದರೆ ಏನು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ.

ಎಲ್ಲಕ್ಕೂ ಫೋನಿನಲ್ಲೇ ದುಡ್ಡು ಕೊಡುವ ಮನೆಯಾದರೂ ಲಕೋಟೆಯೇ ಇರಲಿ ಎನ್ನುತ್ತೇನೆ. ಮಗು ಕೊಂಡದ್ದಕ್ಕೆ ನೀವು ಫೋನಿನಲ್ಲಿ ಕೊಡಿ, ಮನೆಗೆ ಬಂದ ಕೂಡಲೇ ಅಷ್ಟನ್ನು ಲಕೋಟೆಯಿಂದ ನಿಮ್ಮ ಕೈಗೆ ಎಣಿಸಿ ಕೊಡಲಿ. ನಡೆದು ಹೋಗುವಷ್ಟು ದೂರದಲ್ಲಿ ಅಂಗಡಿ ಇಲ್ಲದವರಿಗೂ ಇದು ಹೊಂದುತ್ತದೆ.

ಉಳಿತಾಯಕ್ಕೆ ಗುರಿ ಬೇಕು, ಮೈಸೂರಿನವರಿಗೆ ದಸರಾ ವಸ್ತುಪ್ರದರ್ಶನ, ಮಂಡ್ಯದ ಕಡೆಯವರಿಗೆ ಮೇಲುಕೋಟೆಯ ವೈರಮುಡಿ ಜಾತ್ರೆ ಆಗಬಹುದು. ಇನ್ನೂ 12 ವಾರ ಇದ್ದರೆ 20ರಂತೆ 240. ಹತ್ತು ವರ್ಷ ತುಂಬಿದ ಮಗು ಅಂಚೆ ಕಚೇರಿಯಲ್ಲಿ ತನ್ನ ಹೆಸರಿನ ಉಳಿತಾಯ ಖಾತೆಯನ್ನು ತಾನೇ ನಡೆಸಬಹುದು. ಅದಕ್ಕೆ ಕನಿಷ್ಠ 500 ರೂಪಾಯಿ ಬೇಕು, ವಾರಕ್ಕೆ 20ರಂತೆ 25 ವಾರ. ಆ 500 ಅಲ್ಲಿ ಒಂದು ವರ್ಷ ಪೂರ್ತಿ ಇದ್ದರೆ ಶೇಕಡಾ 4ರ ದರದಲ್ಲಿ ಬಡ್ಡಿ 20 ರೂಪಾಯಿ, ಒಂದು ವಾರದ ಉಳಿತಾಯದಷ್ಟೇ. ಪಾಸ್‌ಬುಕ್‌ನಲ್ಲಿ ಬಡ್ಡಿಯ ಸಾಲು ಬರುವ ಮೊದಲೇ ಈ ಲೆಕ್ಕವನ್ನು ಮಗುವಿನಿಂದ ಮಾಡಿಸಿ ಪುಸ್ತಕದಲ್ಲಿ ಬರೆಸಿಡಿ.