ಮಷೀನಿಗೆ ಹಾಕಿಸುವ ಮುಂಚೆ ಕೇಳಿಕೊಳ್ಳಿ

ಸೇಡಂ ಕಡೆಯ ಮನೆತನವೊಂದು ಎಂಬತ್ತು ದಾಟಿದ ಮುತ್ತ್ಯಾನನ್ನು ಕಲಬುರಗಿಯ ಖಾಸಗಿ ದವಾಖಾನೆಗೆ ತಂದಿತು. ಕ್ಯಾನ್ಸರ್ ಲಿವರಿಗೂ ಹಬ್ಬಿತ್ತು, ಮೇಲೆ ನ್ಯುಮೋನಿಯಾ. ರಾತ್ರಿ ಹನ್ನೊಂದಕ್ಕೆ "ಮಷೀನಿಗಿ ಹಾಕಬೇಕಾಗ್ತದ, ಸಹಿ ಮಾಡ್ರಿ" ಅಂತ ಡಾಕ್ಟರು ಅಂದರು. ಮಷೀನ್ ಅಂದರೆ ವೆಂಟಿಲೇಟರ್, ಉಸಿರಾಡಿಸುವ ಯಂತ್ರ. ಮನೆಯವರು ಸಹಿ ಮಾಡಿದರು. ಒಂಬತ್ತನೇ ದಿನಕ್ಕೆ ತೊಗರಿ ಮಾರಿದ ದುಡ್ಡು ಖಾಲಿ, ಅಡತಿಯಲ್ಲಿ ತಂದ ಸಾಲವೂ ಖಾಲಿ. "ನಮ್ಮ ಇಚ್ಛೆಯಿಂದ ಒಯ್ಯುತ್ತಿದ್ದೇವೆ" ಎಂದು ಬರೆದುಕೊಟ್ಟು ಹೊರಟರು. ಮುತ್ತ್ಯಾ ಊರು ಮುಟ್ಟಲಿಲ್ಲ. ಆಂಬುಲೆನ್ಸಿನಲ್ಲಿ ನೋವಿಗೆ ಒಂದು ಇಂಜೆಕ್ಷನ್ನೂ ಇರಲಿಲ್ಲ.

ಬೆಡ್ಡಿನ ಬಾಡಿಗೆ ಕೇಳಿ ಖರ್ಚಿನ ಅಂದಾಜು ಹಾಕಬೇಡಿ. ವೆಂಟಿಲೇಟರ್, ತಜ್ಞರ ಭೇಟಿ, ದಿನಾ ರಕ್ತಪರೀಕ್ಷೆ, ಎಕ್ಸ್‌ರೇ ಎಲ್ಲ ಬೇರೆ ಬೇರೆ ಸೇರುತ್ತವೆ. ಬಹಳ ಸಲ ಅವೆಲ್ಲಕ್ಕಿಂತ ಮೆಡಿಕಲ್ ಚೀಟಿ ಭಾರ. ಮೆರೊಪೆನೆಮ್ ಎಂಬ ಆ್ಯಂಟಿಬಯಾಟಿಕ್ ಇಂಜೆಕ್ಷನ್ 1 ಗ್ರಾಂ ಸಾಮಾನ್ಯವಾಗಿ 8 ತಾಸಿಗೊಂದು, ದಿನಕ್ಕೆ 3 ಬಾಟಲಿ. ಅದೇ ಔಷಧಿಯ ಎಂಆರ್‌ಪಿ ಕಂಪನಿಯಿಂದ ಕಂಪನಿಗೆ ಬಹಳ ಬೇರೆ. ಔಷಧಿಯ ಮೂಲ ಹೆಸರು ಬರೆಸಿಕೊಳ್ಳಿ, ಹೊರಗಿನ ಅಂಗಡಿಯಿಂದ ತರುವ ಹಕ್ಕು ನಿಮಗಿದೆ. ವಿವರವಾದ ಬಿಲ್ಲನ್ನು ದಿನಾ ಸಂಜೆ ಕೇಳಿ. ಕೊನೆಗೆ ಒಮ್ಮೆಲೇ ನೋಡಿದರೆ ಏನೂ ತಿಳಿಯುವುದಿಲ್ಲ.

ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ಆದರೆ ತುರ್ತು ಸಂದರ್ಭ ಬಿಟ್ಟರೆ ಖಾಸಗಿಗೆ ಹೋಗಲು ಸರ್ಕಾರಿ ದವಾಖಾನೆಯ ರೆಫರಲ್ ಬೇಕು. ಮೊದಲು ಕಲಬುರಗಿಯ ಸರ್ಕಾರಿ ದವಾಖಾನೆ ಜಿಮ್ಸ್‌ನ ಮೆಟ್ಟಿಲು ಹತ್ತಿ.

ಸಹಿ ಮಾಡುವ ಮುಂಚೆ ಡಾಕ್ಟರಿಗೆ ಎರಡೇ ಮಾತು ಕೇಳಿ: ಮೂಲ ರೋಗ ವಾಸಿಯಾಗುವಂಥದ್ದೇ? ಮಷೀನ್ ಬಿಟ್ಟು ಉಸಿರಾಡುವ ಸ್ಥಿತಿಗೆ ಬರುತ್ತಾರೆಯೇ? "ನೋಡೂಣ್ರಿ" ಎಂಬುದನ್ನು ಉತ್ತರವೆಂದು ಒಪ್ಪಬೇಡಿ. ಅವರಿಗೂ ಖಾತ್ರಿ ಇಲ್ಲದಿದ್ದರೆ 3 ದಿನದ ಗಡುವು ಹಾಕಿ, ಆಮೇಲೆ ಕೂತು ತೀರ್ಮಾನಿಸುವುದೆಂದು ಕೇಸ್ ಶೀಟಿನಲ್ಲಿ ಬರೆಸಿ.

ಒಮ್ಮೆ ಹಾಕಿದ ಮಷೀನ್ ತೆಗೆಸಿದರೆ ಕೇಸಾಗುತ್ತದೆ ಅಂತ ಹೆದರಿಸುವವರಿದ್ದಾರೆ. ಸುಪ್ರೀಂ ಕೋರ್ಟ್ 2018ರಲ್ಲೇ ಇದಕ್ಕೆ ದಾರಿ ಕೊಟ್ಟು, 2023ರಲ್ಲಿ ನಿಯಮ ಸರಳಗೊಳಿಸಿತು. 2025ರ ಜನವರಿಯಲ್ಲಿ ರಾಜ್ಯ ಆರೋಗ್ಯ ಇಲಾಖೆಯೂ ಆದೇಶ ಹೊರಡಿಸಿದೆ. ದವಾಖಾನೆಯ ಒಂದು ವೈದ್ಯ ಮಂಡಳಿ, ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ವೈದ್ಯರಿರುವ ಇನ್ನೊಂದು ಮಂಡಳಿ, ಮನೆಯವರ ಒಪ್ಪಿಗೆ, ಮುಖ್ಯವಾಗಿ ಇವು ಬೇಕು. ಮಂಡಳಿಗಳು ಸಾಧ್ಯವಾದಷ್ಟು 48 ಗಂಟೆಯೊಳಗೆ ಹೇಳಬೇಕು. ಈ ದಾರಿಯಲ್ಲಿ ಹೋದರೆ ನೋವಿನ ಆರೈಕೆ ಕೊನೆತನಕ ದವಾಖಾನೆಯ ಹೊಣೆ. ನೀವೇ ಬರೆದುಕೊಟ್ಟು ಹೊರಟರೆ ಆ ಹೊಣೆಯೂ ನಿಮ್ಮ ತಲೆಗೆ ಬರುತ್ತದೆ.

ಹಿರಿಯರಿಗೆ ಬುದ್ಧಿ ಸ್ವಾಧೀನವಿರುವಾಗಲೇ ಇಂಥ ಚಿಕಿತ್ಸೆ ಬೇಕೋ ಬೇಡವೋ ಎಂಬ ಅವರ ಇಚ್ಛೆ ಬರೆಸಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ದೃಢೀಕರಿಸಿಡಿ. ಇನ್ನೊಂದು ಮಾತು: ಬಿಲ್ ಬಾಕಿ ಇದೆ ಎಂದು ಹೆಣ ತಡೆದು ನಿಲ್ಲಿಸುವಂತಿಲ್ಲ, ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಲ್ಲೇ ಹಾಗಿದೆ. ತಡೆದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ಅಂದೇ ದೂರು ಕೊಡಿ.