ಬಿಳಿ ಕೂದಲಿಗೆ 20 ವಾಲ್ಯೂಮ್ ಡೆವಲಪರ್: ವರ್ಷಗಳ ಬಳಕೆಯ ಮಾತು

ಟ್ಯೂಬಿನಲ್ಲಿ ಬರುವ ಪರ್ಮನೆಂಟ್ ಹೇರ್ ಕಲರ್ ಕೊಳ್ಳುವಾಗ ಎಲ್ಲರ ಗಮನ ಶೇಡ್ ಮೇಲೆ. ಜೊತೆಗೆ ಬೆರೆಸುವ ಡೆವಲಪರ್ ಯಾವುದು ಅಂತ ಕೇಳುವವರು ಕಡಿಮೆ. ಬಹಳ ವರ್ಷಗಳಿಂದ ಮನೆಯಲ್ಲೇ ಬಣ್ಣ ಹಚ್ಚಿಕೊಳ್ಳುತ್ತಿದ್ದೇನೆ. ಬಳಸುವುದು 20 ವಾಲ್ಯೂಮ್ ಕ್ರೀಮ್ ಡೆವಲಪರ್, ಅಂದರೆ ಶೇ. 6ರಷ್ಟು ಹೈಡ್ರೋಜನ್ ಪೆರಾಕ್ಸೈಡ್ ಇರುವಂಥದ್ದು. ಕಪ್ಪು ಅಥವಾ ಗಾಢ ಕಂದು ಕೂದಲಿನ ನಡುವೆ ಬಿಳಿ ಮುಚ್ಚುವುದಷ್ಟೇ ನಿಮ್ಮ ಉದ್ದೇಶವಾದರೆ ಇದಕ್ಕಿಂತ ಮೇಲಿನದ್ದು ಬೇಡವೇ ಬೇಡ.

ನಂಬರ್ ಹೆಚ್ಚಾದಷ್ಟೂ ಬಣ್ಣ ಗಟ್ಟಿಯಾಗಿ ಹಿಡಿಯುತ್ತದೆ ಎಂಬ ನಂಬಿಕೆ ಪಾರ್ಲರ್‌ಗಳಲ್ಲೂ ಕೇಳಿಬರುತ್ತದೆ. ಅದು ತಪ್ಪು. ಟ್ಯೂಬಿನಲ್ಲಿರುವ ಸಣ್ಣ ಅಣುಗಳಿಗೆ ಇನ್ನೂ ಬಣ್ಣ ಬಂದಿರುವುದಿಲ್ಲ. ಅಮೋನಿಯ ಕೂದಲಿನ ಹೊರಪದರವನ್ನು ಸಡಿಲಿಸಿದಾಗ ಅವು ಒಳಗಿಳಿಯುತ್ತವೆ, ಪೆರಾಕ್ಸೈಡ್ ತಗುಲಿ ಒಂದಕ್ಕೊಂದು ಬೆಸೆದುಕೊಂಡು ದೊಡ್ಡ ಬಣ್ಣದ ಅಣುಗಳಾಗುತ್ತವೆ. ಅಷ್ಟು ದೊಡ್ಡದಾದ ಮೇಲೆ ಅವು ಸುಲಭವಾಗಿ ತೊಳೆದುಹೋಗುವುದಿಲ್ಲ. ಇಷ್ಟಕ್ಕೆ ಶೇ. 6 ಧಾರಾಳ ಸಾಕು. 30 ವಾಲ್ಯೂಮ್ (ಶೇ. 9) ಮತ್ತು 40 ವಾಲ್ಯೂಮ್ (ಶೇ. 12) ಹೆಚ್ಚುವರಿಯಾಗಿ ಮಾಡುವ ಕೆಲಸವೆಂದರೆ ನಮ್ಮ ಸ್ವಂತ ಕಪ್ಪನ್ನು ಇನ್ನಷ್ಟು ತೆಳುಮಾಡುವುದು. ಕಪ್ಪು ಕರಗಿದಾಗ ಅಡಿಯಲ್ಲಿರುವ ಕೆಂಪು, ಕಿತ್ತಳೆ ಛಾಯೆ ಮೇಲೆ ಬರುತ್ತದೆ. ಕೆಲವು ವಾರ ಕಳೆದು ಬಣ್ಣ ಮಾಸಿದಾಗ ಬಿಸಿಲಲ್ಲಿ ಕೂದಲು ಕೆಂಚಾಗಿ ಕಾಣುವುದಕ್ಕೆ ಇದೊಂದು ಮುಖ್ಯ ಕಾರಣ. ಕೂದಲು ಒರಟಾಗುವುದು ಬೇರೆ.

ಅಳತೆಯ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಒಂದು ಕಂಪನಿಯ ಕಲರ್‌ಗೆ ಸಮಪ್ರಮಾಣ, ಇನ್ನೊಂದಕ್ಕೆ ಒಂದೂವರೆ ಪಾಲು ಡೆವಲಪರ್ ಬೇಕಾಗುತ್ತದೆ, ಟ್ಯೂಬಿನ ಡಬ್ಬಿಯ ಮೇಲೆ ಬರೆದಿರುತ್ತಾರೆ. ತೂಕದ ಯಂತ್ರದ ಮೇಲೆ ಪ್ಲಾಸ್ಟಿಕ್ ಬಟ್ಟಲಿಟ್ಟು ಗ್ರಾಂ ಲೆಕ್ಕದಲ್ಲೇ ಹಾಕುತ್ತೇನೆ. ಉದ್ದ ಕೂದಲಿಗೆ ಸಾಲದು ಅಂತ ಡೆವಲಪರ್ ಸುರಿದು ಹೆಚ್ಚಿಸಿದರೆ ಮಿಶ್ರಣ ನೀರಾಗಿ ಹಣೆಗೆ ಇಳಿಯುತ್ತದೆ, ಬಿಳಿ ಎಳೆಗಳ ಮೇಲೆ ಬಣ್ಣ ತೆಳ್ಳಗೆ ಕೂರುತ್ತದೆ. ಲೋಹದ ಬಟ್ಟಲು, ಚಮಚ ಬೇಡ, ಕೆಲವು ಲೋಹಗಳು ಪೆರಾಕ್ಸೈಡನ್ನು ಒಡೆದುಹಾಕುತ್ತವೆ.

ಹಣೆಯ ಅಂಚಿನಲ್ಲಿ, ಕಿವಿಯ ಮೇಲ್ಭಾಗದಲ್ಲಿ ಬರುವ ಬಿಳಿ ಕೂದಲು ದಪ್ಪ, ಹಟಮಾರಿ. ಅಲ್ಲಿಂದಲೇ ಹಚ್ಚಲು ಶುರುಮಾಡುತ್ತೇನೆ. ಇಪ್ಪತ್ತು ನಿಮಿಷಕ್ಕೆ ಒಂದು ಎಳೆಯನ್ನು ಹತ್ತಿಯಿಂದ ಒರೆಸಿ ನೋಡಿದರೆ ಬಣ್ಣ ಹಿಡಿದಂತೆ ಕಂಡರೂ ಒಳಗಿನ ಬೆಳ್ಳಿ ಇಣುಕುತ್ತಿರುತ್ತದೆ, ಹೊಗೆ ಹಿಡಿದ ಗಾಜಿನಂತೆ. ಅದೇ ಎಳೆ ನಲವತ್ತನೇ ನಿಮಿಷಕ್ಕೆ ಪೂರ್ತಿ ಮುಚ್ಚಿರುತ್ತದೆ. ಮೇಲ್ನೋಟಕ್ಕೆ ಬಟ್ಟಲಲ್ಲಿ ಮಿಶ್ರಣ ಕಪ್ಪಾಯಿತು ಅಂತ ಬೇಗ ತೊಳೆದುಬಿಡಬೇಡಿ. ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು ಬಿಡಿ, ಅದಕ್ಕಿಂತ ಹೆಚ್ಚೂ ಬೇಡ.

20 ವಾಲ್ಯೂಮ್ ಬುಡಕ್ಕೆ ಮಾತ್ರ. ಈಗಾಗಲೇ ಬಣ್ಣ ಕುಡಿದಿರುವ ಉದ್ದಕ್ಕೆ ಪ್ರತಿ ಸಲವೂ ಎಳೆದರೆ ತುದಿ ಮಸಿಯಂತಾಗಿ ಜೀವ ಕಳೆದುಕೊಳ್ಳುತ್ತದೆ. ತುದಿ ಮಾಸಿದ್ದರೆ ಅದಕ್ಕೆ 10 ವಾಲ್ಯೂಮಿನಲ್ಲಿ (ಶೇ. 3) ಬೇರೆಯಾಗಿ ಕಲಸಿ ಕೊನೆಯ ಕೆಲವು ನಿಮಿಷ ಹಚ್ಚುತ್ತೇನೆ. ಈ ಒಂದು ಬದಲಾವಣೆಯಿಂದ ಕೂದಲು ಬಾಚಣಿಗೆಗೆ ಸಿಕ್ಕುವುದು ಎಷ್ಟೋ ಕಡಿಮೆಯಾಗಿದೆ.

ಕೊರತೆಗಳೂ ಇವೆ. ವಾಸನೆ ಮೂಗಿಗೆ ಹೊಡೆಯುತ್ತದೆ, ಕಿಟಕಿ ತೆರೆದಿಟ್ಟುಕೊಳ್ಳಲೇಬೇಕು. ನೆತ್ತಿ ಸ್ವಲ್ಪ ಚುರುಗುಟ್ಟುತ್ತದೆ. ಉರಿಯೇ ಬಂದರೆ ತಕ್ಷಣ ತೊಳೆಯಿರಿ. ಪಿಪಿಡಿ (ಬಣ್ಣ ಕೊಡುವ ಒಂದು ರಾಸಾಯನಿಕ) ಇರುವ ಕಲರ್‌ಗೆ ವರ್ಷಗಟ್ಟಲೆ ಒಗ್ಗಿದವರಿಗೂ ಅಲರ್ಜಿ ಶುರುವಾಗಬಹುದು. ಅದಕ್ಕೇ ಪ್ರತಿ ಸಲ 48 ಗಂಟೆ ಮೊದಲು ಪ್ಯಾಚ್ ಟೆಸ್ಟ್, ಅಂದರೆ ಚರ್ಮಕ್ಕೆ ಚೂರು ಹಚ್ಚಿ ಅಲರ್ಜಿ ಆಗುತ್ತದೆಯೇ ಎಂಬ ಪರೀಕ್ಷೆ ಮಾಡುತ್ತೇನೆ. ಇದರಲ್ಲಿ ದಯವಿಟ್ಟು ಯಾರೂ ಉದಾಸೀನ ಮಾಡಬೇಡಿ. ಉಳಿದ ಮಿಶ್ರಣವನ್ನು ಮುಚ್ಚಳ ಬಿಗಿದು ಇಡುವುದೂ ಅಪಾಯ, ಆಮ್ಲಜನಕ ತುಂಬಿಕೊಂಡು ಬಾಟಲಿ ಸಿಡಿಯಬಹುದು.

ಇನ್ನು ಬಾಟಲಿಯ ಗಾತ್ರ. ಲೀಟರ್ ಬಾಟಲಿ ಲಾಭದಂತೆ ಕಾಣುತ್ತದೆ ನಿಜ, ಆದರೆ ತೆರೆದ ಪೆರಾಕ್ಸೈಡ್ ಬಿಸಿ, ಬೆಳಕು, ಕೊಳೆ ಸೋಕಿದಂತೆ ಶಕ್ತಿ ಕಳೆದುಕೊಳ್ಳುತ್ತದೆ. ಒಬ್ಬರ ಬುಡಕ್ಕಷ್ಟೇ ಹಚ್ಚುವ ಮನೆಗೆ ಚಿಕ್ಕ ಬಾಟಲಿಯೇ ಸರಿ. ನಾನು ಮತ್ತೆ ಮತ್ತೆ ಕೊಳ್ಳುವುದು ಅದನ್ನೇ.